ನಮ್ಮ ನೀರಿನಲ್ಲಿ ಇಲ್ಲದ ಮೀನಿಗೊಂದು ಗಾಳದ ಕೋಲು

ಮೀನು ತಿನ್ನದವನು ಮೀನು ಹಿಡಿಯುವ ಕೋಲಿನ ಬಗ್ಗೆ ಮಾತಾಡಬಾರದು ಎಂಬ ಕಾನೂನು ಎಲ್ಲೂ ಇಲ್ಲ. ನಾನು ಬ್ಯಾಂಕಿನವನು, ಯಾವುದಕ್ಕೆ ಕೈ ಹಾಕುವ ಮೊದಲೂ ನಿಯಮ ಏನು ಹೇಳುತ್ತದೆ ಎಂದು ನೋಡಿಕೊಳ್ಳುವ ಚಟ. ನಮ್ಮದು ಭಾಲ್ಕಿ ಕಡೆಯ ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕು ಯಾರಾದರೂ ತಂದುಕೊಟ್ಟರೆ ಅದು ಪೆಟ್ಟಿಗೆ ಸಮೇತ ಪಕ್ಕದ ಮನೆಗೆ ದಾಟುತ್ತದೆ. ನಮ್ಮ ಅಜ್ಜಿಯಂತೂ ಮೀನು ಎಂಬ ಮಾತನ್ನೇ ಬಾಯಿಗೆ ತರುತ್ತಿರಲಿಲ್ಲ, ‘ನೀರಾಗಿಂದು’ ಎಂದು ಮುಖ ಆ ಕಡೆ ತಿರುಗಿಸುತ್ತಿದ್ದಳು. ಅಂಥ ಅಜ್ಜಿಯ ಮೊಮ್ಮಗನಾದ ನಾನು ಇವತ್ತು, ತಲೆಯ ಕೂದಲು ಅರ್ಧ ಬೆಳ್ಳಗಾಗಿ ಉಳಿದರ್ಧ ಉದುರಿರುವ ಹೊತ್ತಿನಲ್ಲಿ, ಬಾಸ್ ಎಂಬ ಮೀನಿಗೆ ಯಾವ ಕೋಲು, ಯಾವ ರೀಲು, ಯಾವ ದಾರ ಎಂದು ಯಾರು ಕೇಳಿದರೂ ಎದ್ದು ನಿಂತು ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಇದಕ್ಕೆಲ್ಲ ಕಾರಣ ವರ್ಗಾವಣೆ. ನಾಶಿಕ್‌ನಲ್ಲಿ ಹಾಯಾಗಿದ್ದವನನ್ನು ಎತ್ತಿ ಛತ್ರಪತಿ ಸಂಭಾಜಿನಗರದ ಶಾಖೆಗೆ ಹಾಕಿದರು. ಮಗಳು ಶ್ರಾವಣಿ ಆಗಷ್ಟೇ ಹತ್ತನೇ ತರಗತಿಗೆ ಬಂದಿದ್ದರಿಂದ ಶಾಲೆ ಬಿಡಿಸುವ ಹಾಗಿರಲಿಲ್ಲ. ಅವಳೂ ಹೆಂಡತಿ ಮಹಾನಂದಾಳೂ ನಾಶಿಕ್‌ನಲ್ಲೇ ಉಳಿದರು. ನಾನು ಅಲ್ಲಿನ ಸಿಡ್ಕೊ ಬಡಾವಣೆಯಲ್ಲಿ ಒಂದು ಕೋಣೆ ನೋಡಿಕೊಂಡೆ, ಊಟಕ್ಕೆ ಒಂದು ಮೆಸ್ ಗೊತ್ತುಮಾಡಿಕೊಂಡೆ, ವಾರದ ಕೊನೆಗೆ ಯೇವಲಾ ಮೇಲೆ ನಾಶಿಕ್‌ಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಹೊಡೆದಾಡುವುದನ್ನು ಕಲಿತೆ. ಹೆಂಡತಿಯೊಡನೆ ಫೋನಿನಲ್ಲಿ ಮಾತಿಗೆ ಬರಗಾಲವಿರಲಿಲ್ಲ. ನೀರಿನ ಟ್ಯಾಂಕು ತುಂಬಲಿಲ್ಲ, ಮೇಲಿನ ಮನೆಯವರು ರುಬ್ಬುವ ಸದ್ದು ನಿಲ್ಲಿಸಲಿಲ್ಲ, ಹೀಗೆ ಅವಳು ಹೇಳುತ್ತಿದ್ದಳು, ನಾನು ದೂರದಿಂದಲೇ ತಪ್ಪಿತಸ್ಥನಾಗುತ್ತಿದ್ದೆ. ಕಷ್ಟವಾದದ್ದು ಮಗಳೊಡನೆ. ಊಟ ಆಯಿತಾ ಎಂದರೆ ಹೂಂ. ಅಭ್ಯಾಸ ನಡೆದಿದೆಯಾ ಎಂದರೆ ಹೂಂ. ಮತ್ತೇನು ವಿಶೇಷ ಎಂದರೆ, ನಾಶಿಕ್‌ನಲ್ಲಿ ಬೆಳೆದ ಹುಡುಗಿ, ಮರಾಠಿಯಲ್ಲಿ ‘ಕಾಯ್ ನಾಹಿ’ ಎಂದು, ಏನೂ ಇಲ್ಲವೆಂದು, ಫೋನನ್ನು ತಾಯಿಗೆ ದಾಟಿಸುತ್ತಿದ್ದಳು. ಮನೆಯಲ್ಲಿದ್ದಾಗಲೂ ನಾವೇನು ಗಂಟೆಗಟ್ಟಲೆ ಹರಟುತ್ತಿದ್ದವರಲ್ಲ. ಆದರೆ ಒಂದೇ ಸೂರಿನಡಿ ಸುಮ್ಮನಿರುವುದು ಬೇರೆ, ಫೋನಿನಲ್ಲಿ ಸುಮ್ಮನಿರುವುದು ಬೇರೆ. ಹೀಗೇ ಇನ್ನೊಂದು ವರ್ಷ ಕಳೆದರೆ ಈ ಹುಡುಗಿಗೆ ನಾನು ವಾರಕ್ಕೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುವ ಒಬ್ಬ ಗೃಹಸ್ಥನಾಗಿ ಉಳಿಯುತ್ತೇನೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಒಂದು ಸಂಜೆ ಮೆಸ್‌ನಲ್ಲಿ ತಟ್ಟೆಗಾಗಿ ಕಾಯುತ್ತ ಮೊಬೈಲು ತಿಕ್ಕುತ್ತಿದ್ದೆ. ಏನನ್ನು ಮುಟ್ಟಿದೆನೋ, ಟೋಪಿ ಹಾಕಿದ ಅಮೆರಿಕದವನೊಬ್ಬ ದೋಣಿಯಲ್ಲಿ ನಿಂತು ಬಾಸ್ ಮೀನಿಗೆ ಕೋಲು ಆರಿಸುವುದು ಹೇಗೆ ಎಂದು ಶುರುಮಾಡಿದ. ತಟ್ಟೆ ಬಂದ ಮೇಲೆ ನಿಲ್ಲಿಸೋಣವೆಂದರೆ ಕೈಯೆಲ್ಲ ಪಲ್ಯ. ಅಷ್ಟರಲ್ಲಿ ಶ್ರಾವಣಿಯ ಫೋನು. ಎಂದೂ ಕೇಳದವಳು ಅಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಸುಳ್ಳು ಹೇಳಲು ಹೊಳೆಯದೆ, ಮೀನಿನ ಗಾಳದ ದಾರ ಸುತ್ತುವ ರೀಲಿನಲ್ಲಿ ಎರಡು ಜಾತಿಯಂತೆ, ಅದನ್ನು ನೋಡುತ್ತಿದ್ದೇನೆ ಎಂದೆ. ಎರಡು ಯಾಕೆ ಎಂದಳು. ನನಗೇನು ಗೊತ್ತು? ತಿಳಿದುಕೊಂಡು ಹೇಳುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಮರುದಿನ ಫೋನು ಮಾಡಲು ಒಂದು ಕಾರಣ ಸಿಕ್ಕಿತ್ತು. ಬಹಳ ದಿನಗಳ ಮೇಲೆ ಸಿಕ್ಕ ಕಾರಣ ಅದು.

ಹಾಗೆ ಶುರುವಾಯಿತು ನೋಡಿ. ಸ್ಪಿನ್ನಿಂಗ್ ರೀಲು ಕೋಲಿನ ಕೆಳಗೆ ಜೋತುಬಿದ್ದಿರುತ್ತದೆ, ಸಾಧು ಸ್ವಭಾವ, ಯಾರು ಎಸೆದರೂ ದಾರ ಬಿಡುತ್ತದೆ. ಇನ್ನೊಂದು ಬೇಟ್‌ಕಾಸ್ಟರ್, ಕೋಲಿನ ಮೇಲೆ ಕೂತಿರುತ್ತದೆ. ಎಸೆಯುವಾಗ ಅದರ ಉರುಳೆಯ ಮೇಲೆ ಹೆಬ್ಬೆರಳು ಆಡಿಸುತ್ತಿರಬೇಕು, ತಪ್ಪಿದರೆ ಅನಾಹುತ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಕೋಲಿನ ಪ್ರಶ್ನೆ ಬಂತು. ಕೋಲಿನ ಗಟ್ಟಿತನಕ್ಕೆ ಲೈಟ್, ಮೀಡಿಯಮ್, ಮೀಡಿಯಮ್ ಹೆವಿ ಎಂಬ ಮೆಟ್ಟಿಲುಗಳು. ತುದಿಯಲ್ಲಿ ಮಾತ್ರ ಬಾಗುತ್ತದೋ ನಡುವಿನಿಂದಲೇ ಬಾಗುತ್ತದೋ ಎಂಬುದು ಮತ್ತೊಂದು ಲೆಕ್ಕ. ಅದಾದ ಮೇಲೆ ದಾರ. ನೈಲಾನಿನದು ಹಿಗ್ಗುತ್ತದೆ, ಹೆಣೆದದ್ದು ಹಿಗ್ಗುವುದಿಲ್ಲ ಆದರೆ ನೀರಿನಲ್ಲಿ ಕಾಣುತ್ತದೆ, ಮೂರನೆಯದು ಕಾಣುವುದಿಲ್ಲ ಆದರೆ ಬಿರುಸು. ವಾರಗಟ್ಟಲೆ ನಡೆಯಿತು. ಬ್ಯಾಂಕಿನಲ್ಲಿ ಒಬ್ಬ ಹಿರಿಯರು ಠೇವಣಿಯನ್ನು ಎಷ್ಟು ವರ್ಷಕ್ಕೆ ಇಡಲಿ ಎಂದು ಕೇಳಿದಾಗ, ನೀರು ಎಷ್ಟು ತಿಳಿಯಾಗಿದೆ ಎನ್ನುವುದರ ಮೇಲೆ ಹೋಗುತ್ತದೆ ಎಂದು ಹೇಳಿ ಅವರನ್ನು ಗಾಬರಿಪಡಿಸಿದೆ.

ಮಹಾನಂದಾ ಸುಮ್ಮನಿರುತ್ತಾಳೆಯೇ? ಒಂದು ಭಾನುವಾರ ಜೋಳದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ವಿಚಾರಣೆಗೆ ಕೂತಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಕೈಯಲ್ಲಿ ಗಾಳ ಹಿಡಿಯುವುದು ಯಾವ ಸೀಮೆಯ ರೀತಿ ಎಂದಳು. ಇದಕ್ಕೆ ನಾನು ಮೊದಲೇ ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಬಾಸ್ ಎಂಬುದು ಅಮೆರಿಕದ ಕೆರೆಗಳ ಮೀನು. ನಮ್ಮ ಗೋದಾವರಿಯಲ್ಲಾಗಲಿ ಜಾಯಕವಾಡಿಯ ಹಿನ್ನೀರಿನಲ್ಲಾಗಲಿ ಇಲ್ಲವೇ ಇಲ್ಲ. ಇಲ್ಲದ ಮೀನಿಗೆ ಕೋಲು ಆರಿಸುವುದರಲ್ಲಿ ಹಿಂಸೆ ಎಲ್ಲಿಂದ ಬಂತು? ಪಾಪ ತಟ್ಟಬೇಕಾದರೆ ಮೀನೂ ಒಂದು ಇರಬೇಕಲ್ಲ? ನನ್ನ ವಾದ ಎಷ್ಟು ಬಿಗಿಯಾಗಿತ್ತೆಂದರೆ ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ಆ ನೋಟವನ್ನು ನಾನು ಸೋಲೆಂದು ತಿಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ನೋಟಗಳನ್ನು ಓದುವುದರಲ್ಲಿ ನಾನು ಇನ್ನೂ ಬಿಗರಿಯಲ್ಲೇ, ಅಕ್ಷರ ತಿದ್ದುವ ತರಗತಿಯಲ್ಲೇ ಇದ್ದೇನೆ.

ಆರಿಸುವುದು ನಮ್ಮ ಮನೆತನದ ರೋಗ ಎನ್ನಬಹುದು. ನಮ್ಮ ಕಾಕಾ ಒಬ್ಬರು ಒಂದು ಧೋತರ ಕೊಳ್ಳಲು ಭಾಲ್ಕಿಯ ಪೇಟೆಗೆ ಹೋದರೆ ಅಂಗಡಿಯವರು ಅವರಿಗೆ ಮೊದಲು ಚಹಾ, ಆಮೇಲೆ ಊಟ ತರಿಸುತ್ತಿದ್ದರು. ಬಿಸಿಲಿಗೆ ಹಿಡಿದು ನೋಡುವರು, ಅಂಚು ಎಳೆದು ನೋಡುವರು, ಕಡೆಗೆ ಉಟ್ಟುಕೊಂಡು ಬಂದ ಧೋತರವೇ ಇನ್ನೊಂದು ವರ್ಷ ಬಾಳುತ್ತದೆ ಎಂದು ಎದ್ದುಬಿಡುವರು. ಮಹಾನಂದಾ ಹಾಗಲ್ಲ. ಯೇವಲಾದಲ್ಲಿ ಪೈಠಣಿ ಸೀರೆ ಕೊಳ್ಳಲು ಹೋದಾಗ ಒಳಗೆ ಕಾಲಿಟ್ಟವಳೇ ಒಂದನ್ನು ಬೆರಳು ಮಾಡಿ ತೋರಿಸಿದಳು, ಮುಗಿಯಿತು. ನಾನು ಮಾತ್ರ ಇನ್ನೂ ನಾಲ್ಕು ಅಂಗಡಿ ನೋಡೋಣವೆಂದು ಬಡಕೊಂಡು ಬೈಸಿಕೊಂಡೆ. ಆದರೆ ಈ ಗಾಳದ ವಿಷಯದಲ್ಲಿ ನಾನು ತಡಮಾಡಿದ್ದಕ್ಕೆ ರೋಗ ಕಾರಣವಲ್ಲ. ಕೊಂಡುಬಿಟ್ಟರೆ ಮುಗಿಯಿತು. ಆಮೇಲೆ ಅವಳೇನು ಕೇಳುತ್ತಾಳೆ, ನಾನೇನು ಹೇಳಲಿ? ಅದಕ್ಕೇ ಮೀಡಿಯಮ್‌ಗೆ ಬಂದು ನಿಂತಾಗಲೆಲ್ಲ ಮೀಡಿಯಮ್ ಹೆವಿಯ ಗುಣಗಾನ ತೆಗೆಯುತ್ತಿದ್ದೆ. ದಾರ ನಿರ್ಧಾರವಾಯಿತು ಎನ್ನುವಷ್ಟರಲ್ಲಿ ದಾರದ ಬಣ್ಣದ ಮಾತು ಎತ್ತುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಶ್ರಾವಣಿಯೇ ಪಟ್ಟು ಹಿಡಿದಳು. ಇನ್ನು ನೋಡಿದ್ದು ಸಾಕು, ತೆಗೆದುಕೊಂಡುಬಿಡಿ ಎಂದಳು. ತನ್ನ ಟ್ಯೂಷನ್ ಕ್ಲಾಸಿನ ಫೀಸಿನ ಸಲುವಾಗಿ ನಾನು ಆಸೆ ಅದುಮಿಟ್ಟುಕೊಂಡಿದ್ದೇನೆ ಎಂದು ಅವಳ ಅನುಮಾನ. ಹುಡುಗಿಗೆ ಎಷ್ಟು ಹುಚ್ಚು ಹಿಡಿದಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಇನ್ನು ತಡೆದರೆ ಅಪ್ಪನೆಂಬ ಹೆಸರಿಗೆ ಅರ್ಥವಿಲ್ಲವೆಂದು ಸಂಭಾಜಿನಗರದ ಒಂದು ಸಣ್ಣ ಅಂಗಡಿಗೆ ಹೋದೆ. ಬಲೆ, ಬೆಂಡು, ಗಾಳ ಮಾರುವ ಅಂಗಡಿ. ಮಾಲೀಕ ಒಂದೇ ಪ್ರಶ್ನೆ ಕೇಳಿದ: ಯಾವ ಮೀನಿಗೆ? ಬಾಸ್ ಎಂದೆ. ಅದು ಇಲ್ಲಿ ಸಿಗುವುದಿಲ್ಲ, ರೋಹು, ಕಟ್ಲಾ ಸಿಗುತ್ತವೆ ಎಂದು ಅವನು ಮರುಕದಿಂದ ಹೇಳಿದ. ಸಿಗದಿದ್ದರೇ ಒಳ್ಳೆಯದು ಎಂದೆ. ಕಲಿಯುವವರಿಗೆ ಸ್ಪಿನ್ನಿಂಗ್ ರೀಲೇ ಸರಿ ಎಂದು ವಿಡಿಯೋದ ಟೋಪಿಯವನು ತಿಂಗಳುಗಟ್ಟಲೆ ಹೇಳಿದ್ದ, ನಾನೂ ಮಗಳಿಗೆ ಹಾಗೆಯೇ ಬೋಧಿಸಿದ್ದೆ. ಆದರೆ ಗಾಜಿನ ಪೆಟ್ಟಿಗೆಯೊಳಗೆ ಬೇಟ್‌ಕಾಸ್ಟರ್ ಮಿರಮಿರ ಮಿಂಚುತ್ತಿತ್ತು. ಇಷ್ಟೆಲ್ಲ ತಿಳಿದವನನ್ನು ಕಲಿಯುವವನೆಂದು ಯಾರು ಕರೆಯುತ್ತಾರೆ? ಅದನ್ನೇ ಕೊಂಡೆ.

ಆ ಉದ್ದನೆಯ ಚೀಲ ಹಿಡಿದು ಬಸ್ಸು ಹತ್ತಿದಾಗ ಪಕ್ಕದಲ್ಲಿದ್ದವರೊಬ್ಬರು ತಬಲಾ ಸಾಥಿಗೆ ಯಾರಿದ್ದಾರೆ ಎಂದು ಕೇಳಿದರು. ಅದನ್ನು ತಂಬೂರಿ ಎಂದುಕೊಂಡಿದ್ದರೋ ಏನೋ. ಮೀನಿನ ವಿಚಾರ ಹೇಳಲು ನಾಚಿಕೆಯಾಗಿ, ಸದ್ಯಕ್ಕೆ ಯಾರೂ ಇಲ್ಲ ಎಂದುಬಿಟ್ಟೆ. ನಾಶಿಕ್‌ವರೆಗೆ ಅವರು ರಾಗಗಳ ಬಗ್ಗೆ ಮಾತಾಡಿದರು, ನಾನು ತಲೆದೂಗಿದೆ. ಮನೆಯ ಬಾಗಿಲಲ್ಲಿ ಮಹಾನಂದಾ ಷರತ್ತುಗಳನ್ನು ಹೇಳಿದಳು. ಕೋಲು ದೇವರ ಕೋಣೆಯ ಕಡೆ ಬರಕೂಡದು. ಗಾಳ ಹೊಸ್ತಿಲು ದಾಟಕೂಡದು. ಮೀನು ಇರುವ ನೀರಿಗೆ ಹೋಗಕೂಡದು. ಬಾಸ್ ಇಲ್ಲದಿದ್ದರೇನಾಯಿತು, ಬೇರೊಂದು ಬಂದು ಸಿಕ್ಕಿಬಿದ್ದರೆ ಅದು ನಿಮ್ಮ ನಿಯಮ ಓದಿಕೊಂಡಿರುತ್ತದೆಯೇ ಎಂದಳು. ನನ್ನ ಬಿಗಿಯಾದ ವಾದದಲ್ಲಿ ಇಂಥದೊಂದು ತೂತಿತ್ತು ಎಂದು ಆಗಲೇ ನನಗೆ ತಿಳಿದದ್ದು.

ಮೀನಿಲ್ಲದ ನೀರನ್ನು ಎಲ್ಲಿ ಹುಡುಕುವುದು? ನಾಶಿಕ್ ಶಾಖೆಯಲ್ಲಿದ್ದಾಗ ಪರಿಚಯವಾಗಿದ್ದ ಭಾವುಸಾಹೇಬ ಎಂಬವರು ದಿಂಡೋರಿ ಹತ್ತಿರ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾರೆ. ಬಳ್ಳಿಗಳಿಗೆ ನೀರು ಬಿಡಲು ನೆಲ ತೋಡಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡವಿದೆ. ಅದರಲ್ಲಿ ಮೀನಿದೆಯೇ ಎಂದು ಫೋನಿನಲ್ಲಿ ಕೇಳಿದೆ. ಒಂದೂ ಇಲ್ಲ ಎಂದರು. ಹಾಗಾದರೆ ಭಾನುವಾರ ಮೀನು ಹಿಡಿಯಲು ಬರುತ್ತೇನೆ ಎಂದೆ. ಭಾವುಸಾಹೇಬ ಬಹಳ ಮರ್ಯಾದಸ್ಥರು. ‘ಬರ್ರಿ ಸಾಹೇಬ್ರ, ನಿಮ್ಮದೇ ಹೊಂಡ’ ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿದರು. ಆದರೆ ನಾವು ಹೋದಾಗ ನನ್ನ ಆರೋಗ್ಯವನ್ನು ಎರಡು ಸಲ ವಿಚಾರಿಸಿದರು.

ಹೊಂಡದ ದಂಡೆಯಲ್ಲಿ ನಾನೂ ಶ್ರಾವಣಿಯೂ ನಿಂತೆವು. ದಾರದ ತುದಿಗೆ ಗಾಳದ ಬದಲು, ಮಹಾನಂದಾ ಒಪ್ಪಿಕೊಟ್ಟಿದ್ದ ಒಂದು ರಬ್ಬರಿನ ಬಿರಡೆ. ಟೋಪಿಯವನನ್ನು ನೆನೆದು, ಕೋಲನ್ನು ಹಿಂದಕ್ಕೆ ತಂದು, ಭರ್ರನೆ ಬೀಸಿದೆ. ಬಿರಡೆ ನನ್ನ ಪಾದದ ಬಳಿಯೇ ಟಪ್ಪೆಂದು ಬಿತ್ತು. ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿರಲಿಲ್ಲ. ಉರುಳೆ ಮಾತ್ರ ಗರಗರ ತಿರುಗುತ್ತಲೇ ಇತ್ತು. ಒಳಗಿದ್ದ ದಾರವೆಲ್ಲ ಉಬ್ಬಿ, ಸುತ್ತಿ, ಗಂಟುಬಿದ್ದು, ಗುಬ್ಬಚ್ಚಿ ಸಂಸಾರ ಹೂಡಬಹುದಾದ ಒಂದು ಗೂಡಾಯಿತು. ನನ್ನ ಮೀನುಗಾರಿಕೆ ಅಷ್ಟೇ. ಮೊದಲನೆಯ ಎಸೆತವೂ ಅದೇ, ಕೊನೆಯದೂ ಅದೇ. ದೂರದಲ್ಲಿ ಭಾವುಸಾಹೇಬ ಮರ್ಯಾದೆಗೆಂದು ಬೇರೆ ಕಡೆ ನೋಡುತ್ತಿದ್ದರು.

ಇಬ್ಬರೂ ಬದುವಿನ ಮೇಲೆ ಎದುರುಬದುರಾಗಿ ಕೂತು ಸಿಕ್ಕು ಬಿಡಿಸತೊಡಗಿದೆವು. ಅವಳ ಉಗುರು ನನ್ನದಕ್ಕಿಂತ ಚುರುಕು. ಒಂದು ಕುಣಿಕೆ ಬಿಚ್ಚಿದರೆ ಇನ್ನೆರಡು ಬಿಗಿಯುತ್ತಿದ್ದವು. ಅವಳು ತಲೆ ಎತ್ತದೆ, ‘ಪಪ್ಪಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟ್ ಆಗಬ್ಯಾಡ್ರಿ’ ಎಂದಳು.

ಹೇಳು ಎಂದೆ.

‘ನಂಗ ಈ ಮೀನ್ ಗೀನ್ ಏನೂ ಇಷ್ಟ ಇಲ್ಲ. ಖರೇನೇ ಬೋರ್ ಆಗ್ತದ. ಮಮ್ಮಿ ಅಂದಿದ್ಳು, ಪಪ್ಪಾ ಅಲ್ಲಿ ಒಬ್ರೇ ಇರ್ತಾರ, ಅವ್ರಿಗಿ ಇದರ ಶೌಕ್ ಹತ್ಯಾದ, ನೀ ಸುಮ್ಮ ಕೇಳ್ಕೋತ ಹೋಗು ಅಂತ.’

ನನಗೆ ಮೊದಲು ಬಂದದ್ದು ಸಿಟ್ಟು, ನಂಬಿದರೆ ನಂಬಿ. ಬಾಸ್ ಮೀನಿನ ಪರವಾಗಿ ನಿಜವಾಗಿಯೂ ಅವಮಾನವಾಯಿತು. ಮೂರು ಬಗೆಯ ದಾರವನ್ನು ಅಷ್ಟು ಚೆನ್ನಾಗಿ ವಿವರಿಸಿದ್ದು ಬೋರಾಗಿತ್ತೇ? ಆಮೇಲೆ ನೆನಪಾಯಿತು, ಇಷ್ಟ ನನಗಾದರೂ ಎಲ್ಲಿತ್ತು? ಅವಳು ಕೇಳುತ್ತಾಳೆಂದು ನಾನು ಓದಿದೆ, ನಾನು ಓದುತ್ತೇನೆಂದು ಅವಳು ಕೇಳಿದಳು. ನಡುವೆ ಅಂಗಡಿಯವನು ಬೇಟ್‌ಕಾಸ್ಟರ್ ಮಾರಿದ. ಅಡುಗೆಮನೆಯಲ್ಲಿ ಕೂತವಳೊಬ್ಬಳಿಗೆ ಮಾತ್ರ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಷರತ್ತು ಹಾಕಿದಳು.

‘ನಂಗೂ ಇಷ್ಟ ಇಲ್ಲವ್ವ’ ಎಂದೆ. ‘ನೀ ಕೇಳ್ತಿದ್ದಿ ಅಂತ ನಾ ನೋಡ್ತಿದ್ದೆ.’

ಅವಳು ನಕ್ಕಳು. ನಾನೂ ನಕ್ಕೆ. ಭಾವುಸಾಹೇಬ ತಿರುಗಿ ನೋಡುವಷ್ಟು ನಕ್ಕೆವು. ನಗು ನಿಂತ ಮೇಲೆ ಇಬ್ಬರೂ ಮತ್ತೆ ಗಂಟಿಗೆ ಕೈ ಹಾಕಿದೆವು. ಮಾತಾಡಲು ನಮ್ಮಲ್ಲಿದ್ದದ್ದು ಆ ಮೀನಿನ ವಿಷಯವೊಂದೇ, ಅದನ್ನು ಈಗಷ್ಟೇ ನಾವೇ ಕೈಯಾರೆ ಮುಗಿಸಿದ್ದೆವು. ಇಷ್ಟಕ್ಕೆಲ್ಲ ನಿಜ ಹೇಳುವ ಅಗತ್ಯವೇನಿತ್ತು ಎಂದು ನನ್ನನ್ನೇ ಬೈದುಕೊಂಡೆ. ಇನ್ನು ಮುಂದೆ ಫೋನಿನಲ್ಲಿ ಊಟ ಆಯಿತಾ, ಹೂಂ, ಅಷ್ಟೇ. ಅವಳು ಬಹಳ ಹೊತ್ತು ಒಂದೇ ಗಂಟನ್ನು ಕೆದಕುತ್ತಿದ್ದಳು. ಆಮೇಲೆ ಗಂಟನ್ನೇ ನೋಡುತ್ತ, ‘ಪಪ್ಪಾ, ಬೋಟ್‌ನಾಗ ಎಷ್ಟ್ ಥರಾ ಇರ್ತಾವ?’ ಎಂದು ಕೇಳಿದಳು.

ಈಗ ದೋಣಿಗಳನ್ನು ನೋಡುತ್ತಿದ್ದೇವೆ. ಗಾಳಿ ತುಂಬುವವು, ಗಟ್ಟಿಯವು, ತಳ ಚಪ್ಪಟೆಯಾದವು, ಉಬ್ಬಿದವು, ವಿಷಯ ಸಮುದ್ರದಷ್ಟಿದೆ. ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಇಲ್ಲ. ಮಹಾನಂದಾಳಿಗೆ ಇನ್ನೂ ಹೇಳಿಲ್ಲ, ಆದರೆ ಅವಳು ಒಂದು ಸಲ ಬಾಗಿಲಿನ ಅಗಲವನ್ನು ಸುಮ್ಮನೆ ನೋಡಿದ ಹಾಗಿತ್ತು. ನನ್ನಂಥ ಈಜು ಬಾರದವನಿಗೆ ಯಾವ ದೋಣಿ ಒಳ್ಳೆಯದು ಎಂದು ಶ್ರಾವಣಿ ಮೊನ್ನೆ ಫೋನಿನಲ್ಲಿ ಕೇಳಿದಳು. ದಡದ ಮೇಲಿರುವುದು ಎಂದೆ. ಅವಳು ಒಪ್ಪಲಿಲ್ಲ, ವಾದಕ್ಕೆ ನಿಂತಳು. ಮೆಸ್‌ನವನು ಬಂದು ಎದುರಿನ ತಟ್ಟೆಯಲ್ಲಿ ಪಲ್ಯ ಆರಿಹೋಯಿತೆಂದು ಎರಡು ಸಲ ಎಚ್ಚರಿಸಿದ. ಅವಳು ಹೇಳುತ್ತಿದ್ದುದೇ ಸರಿ ಎಂದು ನನಗೆ ಮೊದಲೇ ಗೊತ್ತಾಗಿತ್ತು, ಆದರೂ ನಾನು ಬೇಗ ಸೋಲಲಿಲ್ಲ.