ಕಡಲು ಯಾವಾಗಲೂ ಪಡುವಣಕ್ಕೇ ಇರುತ್ತದೆ

ಮನುಕುಲದ ಇತಿಹಾಸದಲ್ಲಿ ದಿಕ್ಕುಗಳ ಪಾತ್ರ ಬಹಳ ಗಂಭೀರವಾದದ್ದು. ದಿಕ್ಕು ತಿಳಿದವರು ಸಾಮ್ರಾಜ್ಯಗಳನ್ನು ಕಟ್ಟಿದ್ದಾರೆ. ದಿಕ್ಕು ತಪ್ಪಿದವರು ಹೊಸ ಖಂಡಗಳನ್ನೇ ಕಂಡುಹಿಡಿದು ಇನ್ನೂ ದೊಡ್ಡ ಹೆಸರು ಮಾಡಿದ್ದಾರೆ. ನಾನು ದಿಕ್ಕು ತಪ್ಪಿ ಒಂದು ಪಾತ್ರೆ ಕೋಳಿ ಸಾರನ್ನು ಬೇರೊಂದು ಸೇತುವೆಗೆ ಮುಟ್ಟಿಸಿದ್ದೇನೆ. ಇತಿಹಾಸಕಾರರು ಇದನ್ನು ಗಮನಿಸಿದಂತಿಲ್ಲ. ನನ್ನ ಹೆಂಡತಿ ಗಮನಿಸಿದ್ದಾಳೆ.

ತಪ್ಪು ಪೂರ್ತಿ ನನ್ನದಲ್ಲ, ನಾನು ಹುಟ್ಟಿದ ಊರಿನದೂ ಇದೆ. ಉಡುಪಿಯ ಕಡೆ ಹುಟ್ಟಿದವನಿಗೆ ಎಡ-ಬಲಗಳಿಗಿಂತ ಮೊದಲು ದಿಕ್ಕುಗಳು ಗೊತ್ತಾಗುತ್ತವೆ. ನಮ್ಮಲ್ಲಿ ಮನೆಗಳ ಹೆಸರೇ ಪಡುಮನೆ, ಮೂಡುಮನೆ. ಚಾಪೆಯ ಮೇಲೆ ಮಲಗಿದವನಿಗೆ "ಸ್ವಲ್ಪ ತೆಂಕಕ್ಕೆ ಸರಿ ಮಾರಾಯ" ಎನ್ನುತ್ತೇವೆ. ನನ್ನ ಚಿಕ್ಕಪ್ಪ ಒಮ್ಮೆ ಡಾಕ್ಟರ ಮುಂದೆ ಕುಳಿತು "ಬಡಗು ಬದಿಯ ಹಲ್ಲು ನೋಯುತ್ತದೆ" ಎಂದಿದ್ದರು. ಡಾಕ್ಟರೂ ನಮ್ಮೂರಿನವರೇ ಆದ್ದರಿಂದ ಸರಿಯಾದ ಹಲ್ಲನ್ನೇ ಕಿತ್ತರು. ಈ ಸಮಸ್ತ ಶಾಸ್ತ್ರಕ್ಕೆ ಆಧಾರ ಒಂದೇ ಸೂತ್ರ: ಕಡಲು ಇರುವುದು ಪಡುವಣಕ್ಕೆ. ಕಡಲಿಗೆ ಮುಖ ಮಾಡಿ ನಿಂತರೆ ಎಡಗೈ ತೆಂಕು, ಬಲಗೈ ಬಡಗು. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ದುಬೈಗೆ ಬಂದ ಮೇಲೂ ಸೂತ್ರ ಕೈಕೊಡಲಿಲ್ಲ. ನಾನಿರುವ ಸತ್ವಾ ಬಡಾವಣೆಯಿಂದ ಸಂಜೆ ನಡೆದು ಹೋದರೆ ಸಮುದ್ರ ಪಡುವಣಕ್ಕೇ ಸಿಗುತ್ತದೆ, ಸೂರ್ಯ ಒಪ್ಪವಾಗಿ ಅದರೊಳಗೆ ಇಳಿಯುತ್ತಾನೆ. ಅರಬರ ದೇಶವಾದರೂ ಕಡಲಿಗೆ ಶಿಸ್ತಿದೆ ಎಂದು ನಾನು ಮೆಚ್ಚಿಕೊಂಡಿದ್ದೆ. ಅಬುಧಾಬಿ ಒಂದು ದ್ವೀಪ, ದ್ವೀಪಕ್ಕೆ ನಾಲ್ಕು ಕಡೆಯೂ ನೀರಿರುತ್ತದೆ ಎಂಬ ಮಾತು ಶಾಲೆಯಲ್ಲಿ ಕೇಳಿದ್ದು ನಿಜ. ಆದರೆ ಶಾಲೆಯಲ್ಲಿ ಕೇಳಿದ್ದು ಎಷ್ಟೊಂದಿದೆ!

ಅಬುಧಾಬಿಯಲ್ಲಿ ನನ್ನ ಗೆಳೆಯ ಬಸವರಾಜರಿದ್ದಾರೆ. ಬಾಗಲಕೋಟೆಯವರು, ಎಂಜಿನಿಯರು, ಸಜ್ಜನರು. ಊರು ಬಿಟ್ಟು ಹೊರಟಿದ್ದ ಬಿಳಿಯ ಸಹೋದ್ಯೋಗಿಯೊಬ್ಬನಿಂದ ಅವರು ಸಣ್ಣ ಹಾಯಿದೋಣಿಯೊಂದನ್ನು ಕೊಂಡುಬಿಟ್ಟರು. ಅಷ್ಟೇ ಅಲ್ಲ, ಕ್ಲಬ್ಬಿಗೆ ಹೋಗಿ ಹಾಯಿ ಬಿಡುವುದನ್ನು ನಿಷ್ಠೆಯಿಂದ ಕಲಿತರು. ಆದರೆ ಅವರ ಅತ್ತೆ ಗಂಗವ್ವನವರು ಊರಿನಿಂದ ಬಂದವರು, ದೋಣಿಯ ಫೋಟೋ ನೋಡಿ, "ಇದರಾಗ ಕೂಸಿನ್ನ ಮಲಗಸ್ತಾರೇನವ್ವಾ? ರೊಕ್ಕ ಕೊಟ್ಟು ನೀರಾಗ ಬೀಳಾಕ ಹೊಂಟಾರ ನೋಡ್ರಿ ನಮ್ಮ ಅಳಿಯಂದ್ರು" ಎಂದರಂತೆ. ಈ ಮಾತು ಬಸವರಾಜರ ಎದೆಯಲ್ಲಿ ಮುಳ್ಳಾಯಿತು. ಅತ್ತೆ ಊರಿಗೆ ಮರಳುವ ಮುನ್ನ ಒಮ್ಮೆಯಾದರೂ ತಾನು ಹಾಯಿ ಬಿಚ್ಚಿಕೊಂಡು ಗಂಭೀರವಾಗಿ ಬರುವುದನ್ನು ಅವರು ಕಣ್ಣಾರೆ ನೋಡಬೇಕು ಎಂದು ನಿರ್ಧರಿಸಿ ನನಗೆ ಫೋನು ಮಾಡಿದರು. "ಶೆಟ್ರ, ನೀವು ಸಮುದ್ರದ ದಂಡಿ ಮಂದಿ. ನನಗ ದೋಣಿ ನಡಸಾಕ ಬರ್ತದ, ಹಾದಿ ತಿಳಿಯೂದಿಲ್ಲ. ನೀವು ಜೋಡಿ ಕುಂತ್ರ ಧೈರ್ಯ."

ಇಲ್ಲಿ ಒಂದು ಸತ್ಯವನ್ನು ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಯಾರೂ ಕಡಲಿಗೆ ಇಳಿದವರಲ್ಲ. ಕಡಲಿನಿಂದ ಬಂದ ಬಂಗುಡೆ ಮೀನನ್ನು ಆದರದಿಂದ ಒಳಗೆ ಕರೆದವರು, ಅಷ್ಟೆ. ನನಗೆ ಈಜು ಬಾರದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಟೈಲ್ಸ್ ಗೋದಾಮಿನಲ್ಲಿ ನನ್ನ ಉದ್ಯೋಗ. ಅಲ್ಲಿ ನೀರು ಬಂದರೆ ಅದನ್ನು ಸೋರಿಕೆ ಎನ್ನುತ್ತೇವೆ. ಆದರೂ ಘಟ್ಟದ ಮೇಲಿನವರೊಬ್ಬರು "ಸಮುದ್ರದ ಮಂದಿ" ಎಂದು ಕರೆದಾಗ ಕರಾವಳಿಯ ಮಾನ ನನ್ನೊಬ್ಬನ ಹೆಗಲೇರಿ ಕೂತಂತಾಯಿತು. "ದಾರಿ ನನಗೆ ಬಿಡಿ" ಎಂದೆ.

ನವೆಂಬರಿನ ಶುಭಮುಹೂರ್ತವೆನ್ನಬಹುದಾದ ಒಂದು ಭಾನುವಾರ ಗೊತ್ತಾಯಿತು. ಪಂಚಾಂಗದ ಶರದೃತು ಈ ದೇಶಕ್ಕೆ ಎಸಿಯ ರಿಮೋಟಿನ ಮೂಲಕ ಬರುತ್ತದೆ. ಎಲೆ ಉದುರುವುದಿಲ್ಲ, ಏಕೆಂದರೆ ಎಲೆಗಳೇ ಕಡಿಮೆ, ಒಂದು ದಿನ ಬೆಳಿಗ್ಗೆ ಯಾರೋ ಎಸಿ ಆರಿಸಿ "ಹಾ, ಗಾಳಿ!" ಎನ್ನುತ್ತಾರೆ, ಆ ಸಂಜೆಯೇ ಊರೆಲ್ಲ ಹೊರಗೆ ಬಂದು ಮಾಂಸ ಸುಡಲು ಕೂರುತ್ತದೆ. ನಮ್ಮ ಯೋಜನೆ ಇಷ್ಟು: ನಗರದ ಒಂದು ಬದಿಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಯಲ್ಲಿ ದೋಣಿ ಇಳಿಸಿ, ತೆಂಕಕ್ಕೆ ಸಾಗಿ, ಮಖ್ತಾ ಸೇತುವೆಯ ಬಳಿ ಹುಲ್ಲಿನ ಮೇಲೆ ಕಾದಿರುವ ಎರಡೂ ಮನೆಯ ಹೆಂಗಸರನ್ನು ಸೇರುವುದು. ಊಟ ದೋಣಿಯಲ್ಲೇ ಬರಬೇಕೆಂದು ನಾನು ಹಟ ಹಿಡಿದೆ. ಬರಿಗೈಯಲ್ಲಿ ಬರುವ ಅಳಿಯನಿಗೂ ಊಟ ಹೊತ್ತು ತರುವ ಅಳಿಯನಿಗೂ ವ್ಯತ್ಯಾಸವಿಲ್ಲವೇ? ನನ್ನ ಹೆಂಡತಿ ಸುಮತಿ, "ಕೋಳಿಯನ್ನು ಕಾರಲ್ಲಿ ಕೊಂಡೋಗ್ತೇನೆ ಮಾರಾಯ್ರೆ. ನೀವು ಬೇಕಾದ್ರೆ ತೇಲಿಕೊಂಡು ಬನ್ನಿ" ಎಂದಳು. ನಾನು ಕೇಳಲಿಲ್ಲ. ನಮ್ಮ ಕೋಳಿ ಸಾರು ಮತ್ತು ರೊಟ್ಟಿಯ ಡಬ್ಬ ಮುಂದಕ್ಕೆ, ಬಸವರಾಜರ ಮನೆಯ ಜೋಳದ ರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿ ಹಿಂದಕ್ಕೆ, ಎರಡು ಧರ್ಮಗಳ ನಡುವೆ ನಾನು.

ನೀರಿಗೆ ಮುಖ ಮಾಡಿ ನಿಂತೆ. ಎದುರಿಗೆ ನೀರು, ಆದ್ದರಿಂದ ಪಡುವಣ. ಆದ್ದರಿಂದ ತೆಂಕು ಎಡಕ್ಕೆ. "ಎಡಕ್ಕೆ!" ಎಂದು ಕೈ ಚಾಚಿದೆ. ಬೆಳಗಿನ ಸೂರ್ಯ ಆ ನೀರಿನ ಮೇಲೆಯೇ ಇದ್ದ ಎಂಬುದು ನನಗೆ ಕಾಣಿಸದೆ ಇರಲಿಲ್ಲ. ರಾಜಧಾನಿ, ಇಲ್ಲಿನ ಏರ್ಪಾಡು ಬೇರೆ ಇರಬಹುದು ಎಂದುಕೊಂಡೆ.

ಗಾಳಿ ಬೆನ್ನ ಹಿಂದಿನಿಂದ ಹಿತವಾಗಿ ತಳ್ಳುತ್ತಿತ್ತು. ಬಸವರಾಜರು ಚುಕ್ಕಾಣಿ ಹಿಡಿದು, ಕೆಂಪು ಹಾಯಿ ಬಿಚ್ಚಿ, ಮದುಮಗನಂತೆ ಕುಳಿತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವರ ಜೇಬಿನ ಫೋನಿನಿಂದ ಹೆಂಗಸಿನ ದನಿ ಕೇಳಿತು: "ಮೇಕ್ ಎ ಯೂ-ಟರ್ನ್." ಮಖ್ತಾ ಸೇತುವೆಗೆ ದಾರಿ ಹಾಕಿಟ್ಟಿದ್ದರಂತೆ. "ಯೂ-ಟರ್ನ್ ಅನ್ಲಿಕತ್ತಾಳಲ್ರೀ ಶೆಟ್ರ?" ಎಂದರು. "ಅವಳು ನಾವು ಪಕ್ಕದ ರಸ್ತೆಯಲ್ಲಿ ಕಾರಿನಲ್ಲಿದ್ದೇವೆ ಅಂತ ತಿಳಿದಿದ್ದಾಳೆ. ಅವಳಿಗೆ ನೀರಿನ ಅಂದಾಜಿಲ್ಲ" ಎಂದೆ. ಬಸವರಾಜರು ಅವಳ ಬಾಯಿ ಮುಚ್ಚಿಸಿದರು. ಮಧ್ಯಾಹ್ನವಾಗುತ್ತ ಬಂತು. "ಅಲ್ರೀ, ಈ ದಿನಮಾನದಾಗ ಸೂರ್ಯ ದಕ್ಷಿಣಕ್ಕ ಇರ್ತಾನ. ನಾವೂ ದಕ್ಷಿಣಕ್ಕ ಹೊಂಟ್ರ ಮುಖದ ಮ್ಯಾಲ ಬಿಸಲು ಬೀಳ್ಬೇಕು. ನನಗ ಬೆನ್ನು ಸುಡಾಕತ್ತದ." ನಾನು ಕನಿಕರದಿಂದ ನಕ್ಕು, "ಬಸವರಾಜರೇ, ನೀರಿನಿಂದ ಪ್ರತಿಫಲಿಸಿದ ಬಿಸಿಲು ಯಾವ ಕಡೆಯಿಂದ ಬೇಕಾದರೂ ಸುಡುತ್ತದೆ. ಇದು ಕಡಲಿನ ವಿಚಾರ" ಎಂದೆ. ಎಂಜಿನಿಯರ್ ಆದರೂ ಅವರು ಒಪ್ಪಿಕೊಂಡರು. ಸಜ್ಜನರೊಂದಿಗೆ ಪ್ರಯಾಣ ಮಾಡುವುದರಲ್ಲಿ ಇರುವ ಅಪಾಯ ಇದೇ.

ಆಗ ದೂರದಲ್ಲಿ ಸೇತುವೆ ಕಾಣಿಸಿತು. ನಾನು ಸುಮತಿಗೆ ಫೋನು ಮಾಡಿದೆ. "ಸೇತುವೆ ಕಾಣ್ತಾ ಉಂಟು. ಬಂದೆವು!" "ಹೌದಾ? ಹಾಯಿ ಕಾಣುದಿಲ್ಲ ಇಲ್ಲಿಗೆ. ಕೈ ಬೀಸಿ ನೋಡುವಾ." ಬೀಸಿದೆ. "ಬೀಸಿದ್ರಾ?" "ಎರಡೂ ಕೈ ಬೀಸ್ತಾ ಇದ್ದೇನೆ!" ದಡದ ಮೇಲೆ ಒಂದು ಗುಂಪು ಎದ್ದು ನಿಂತು ನಮ್ಮತ್ತ ಕೈ ಬೀಸಿತು. "ನೋಡಿ, ನಿಮ್ಮ ಅತ್ತೆಯವರೂ ಬೀಸ್ತಿದ್ದಾರೆ" ಎಂದೆ. ಬಸವರಾಜರು ಕಣ್ಣು ಕಿರಿದು ಮಾಡಿ, "ನಮ್ಮತ್ತಿ ಟೊಪಗಿ ಹಾಕ್ಕೊಂಡಾರೇನ್ರೀ?" ಎಂದರು. "ಬಿಸಿಲಲ್ಲವೇ, ಸುಮತಿ ಕೊಟ್ಟಿರಬೇಕು." ಅಷ್ಟೇ ಸಾಕಾಯಿತು ಅವರಿಗೆ. ಚುಕ್ಕಾಣಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ದೂರದಿಂದಲೇ ನಮಸ್ಕರಿಸಿದರು. ದೋಣಿ ದಡ ಮುಟ್ಟುವವರೆಗೂ ಆ ಕೈ ಇಳಿಯಲಿಲ್ಲ. ದಡದಲ್ಲಿ ಗಾಳ ಹಾಕಿಕೊಂಡು ಕೂತಿದ್ದ ಫಿಲಿಪ್ಪೀನಿನ ಅಜ್ಜಿಯೊಬ್ಬರು ಹುಲ್ಲಿನ ಟೊಪ್ಪಿ ತೆಗೆದು, ಅಷ್ಟೇ ವಿನಯದಿಂದ ತಾವೂ ಕೈ ಜೋಡಿಸಿ, "ಹಲೋ ಸರ್" ಎಂದರು.

ಫೋನಿನಲ್ಲಿ ಸುಮತಿ ಇನ್ನೂ "ಕೈ ಎತ್ತಿ, ಕೈ ಎತ್ತಿ" ಎನ್ನುತ್ತಿದ್ದಳು. ಲೊಕೇಶನ್ ಕಳಿಸಿದೆ. ಸುಮತಿ ಅದನ್ನು ತೆರೆದು ನೋಡಿದಳು. ಆಮೇಲೆ, "ನೀವು ಸಾದಿಯಾತ್ ದ್ವೀಪದ ಬಾಗಿಲಲ್ಲಿ ನಿಂತಿದ್ದೀರಿ. ಊರಿನ ಆ ತಲೆ. ಅಲ್ಲೇ ನಿಲ್ಲಿ. ಯಾವ ಕಡೆಗೂ ಕೈ ತೋರಿಸ್ಬೇಡಿ" ಎಂದಳು. ಬಸವರಾಜರು ಹಾಯಿ ಸುತ್ತಿ, ಮರುದಿನ ಬೆಳಿಗ್ಗೆ ಅತ್ತೆಯ ವಿಮಾನ ಎಂದು ಒಮ್ಮೆ ಹೇಳಿ, ನೀರು ನೋಡುತ್ತ ಕುಳಿತರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಸುಮತಿ ಬಂದಳು. ಹಸಿದ ಗಂಗವ್ವನವರು ಮೊದಲು ಎಣ್ಣೆಗಾಯಿಯ ಕಡೆ, ಆಮೇಲೆ ಅಳಿಯನ ಕಡೆ, ಕೊನೆಗೆ ದೋಣಿಯ ಕಡೆ ನೋಡಿದರು. ಫಿಲಿಪ್ಪೀನಿನ ಅಜ್ಜಿಗೆ ನಮಸ್ಕಾರ ಸಂದ ಕತೆ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಕೆಗೂ ಎರಡು ಜೋಳದ ರೊಟ್ಟಿ ಕೊಡಿಸಿದರು. ಊಟವಾಗುವಷ್ಟರಲ್ಲಿ ಗಾಳಿ ತಿರುಗಿ ಸಮುದ್ರದ ಕಡೆಯಿಂದ, ಅಂದರೆ ಈಗ ನಿಜವಾಗಿಯೂ ತೆಂಕಕ್ಕೆ ಬೀಸತೊಡಗಿತ್ತು. ಗಂಗವ್ವನವರು ಎದ್ದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದರು. "ನಡೀರಿ ಅಳಿಯಂದ್ರ. ಸಣ್ಣಾಕಿದ್ದಾಗ ಹರಗೋಲದಾಗ ಎಷ್ಟ ಸಲ ಹೊಳಿ ದಾಟೀನಿ. ಇದರಾಗೂ ಒಮ್ಮಿ ಕುಂತು ನೋಡೂಣು." ಬಸವರಾಜರು ಎರಡು ಸಲ "ಖರೇನ್ರೀ?" ಎಂದು ಕೇಳಿ, ಅವರಿಗೆ ಲೈಫ್ ಜಾಕೆಟ್ ಕಟ್ಟಿದರು.

ನಾನು ಕರ್ತವ್ಯಪ್ರಜ್ಞೆಯಿಂದ ದೋಣಿಗೆ ಒಂದು ಕಾಲಿಟ್ಟೆ. ಗಂಗವ್ವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಳಿಯನಿಗೆ ಹೇಳಿದರು: "ಇವರು ಬ್ಯಾಡ್ರಿ. ಇವರು ಮೀನ ತಿನ್ನೂ ಮಂದಿ. ಹಿಡಿಯೂ ಮಂದಿ ಅಲ್ಲ."

ದೋಣಿ ಸಂಜೆಯೊಳಗೆ ಮಖ್ತಾ ಸೇತುವೆ ತಲುಪಿತು. ನಾನು ಅದರಲ್ಲಿರಲಿಲ್ಲ.