ಅಮ್ಮನ ಹಳೆಯ ಬಂಗನ್ನು ವಾಪಸು ಕೋರಿ ಲೇಸರ್ ಯಂತ್ರಕ್ಕೊಂದು ಮನವಿ

ನಮ್ಮ ಗಲ್ಲಿಯ ಸೌಂದರ್ಯ ಕೇಂದ್ರದ ಎರಡನೇ ಮಹಡಿಯಲ್ಲಿ, ಎ.ಸಿ. ಗಾಳಿಯಲ್ಲಿ ವಿರಾಜಮಾನರಾಗಿರುವ ಲೇಸರ್ ಯಂತ್ರ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ, ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ತಾವು ದಿನಕ್ಕೆ ನಲವತ್ತು ಮುಖ ಬೆಳಗಿಸುವವರು. ನಾನೋ ಸಾಯ್‌ಗಾನ್‌ನಲ್ಲಿ ಡಿಗ್ರಿಯ ಮೊದಲ ವರ್ಷದಲ್ಲಿದ್ದು, ಕ್ಲಾಸಿನಲ್ಲಿ ಡೌಟ್ ಕೇಳುವುದಕ್ಕೂ ಬೆವರುವವಳು. ಹನ್ನೆರಡು ವರ್ಷ ದಲಾತ್ ಊರಿನ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ಯಾವ ದೂರನ್ನೂ ವಾರ್ಡನ್ ಮೂಲಕವೇ ಕಳಿಸಿ ರೂಢಿ. ತಮ್ಮ ವಾರ್ಡನ್ ಯಾರೆಂದು ತಿಳಿಯದೆ ಹೀಗೆ ಬಹಿರಂಗವಾಗಿ ಬರೆಯಬೇಕಾಯಿತು, ಸಾರಿ.

ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನ ಎರಡೂ ಕೆನ್ನೆಗಳ ಮೇಲೆ ಚಹಾ ಬಣ್ಣದ ಬಂಗು ಬಂದಿತ್ತು. “ಇಂಗ್ಲೆಂಡಿನವನ ಮಗು ಅಲ್ವೇನೇ, ಒಳಗೇ ಟೀ ಕುಡೀತಿದೆ, ಚೆಲ್ಕೊಂಡಿದೆ” ಎಂದು ಅಜ್ಜಿ ತೀರ್ಪು ಕೊಟ್ಟಿದ್ದರಂತೆ. ಹದಿನೆಂಟು ವರ್ಷ ಅದು ಯಾರಿಗೂ ತೊಂದರೆ ಕೊಡದೆ ಅಲ್ಲೇ ಇತ್ತು. ಆದರೆ ಯುಯೆನ್ ಚಿಕ್ಕಮ್ಮನ ನಿಶ್ಚಿತಾರ್ಥದಲ್ಲಿ ಅವಳ ಅತ್ತೆಯಾಗಲಿರುವವರು, “ನಿಮ್ಮಕ್ಕ ಒಲೆ ಮಸಿ ಒರೆಸ್ಕೊಂಡು ಬರೋದಿಲ್ವಾ?” ಎಂದು ಕೇಳಿಬಿಟ್ಟರು. ಅದೇ ವಾರ ಕಾಲೇಜಿನ ಸ್ವಾಗತ ದಿನದ ಲಕ್ಕಿ ಡ್ರಾದಲ್ಲಿ, ತಮ್ಮ ದರ್ಶನವನ್ನು ಮೂರು ಬಾರಿ ದಯಪಾಲಿಸುವ ಕೂಪನ್ ನನಗೇ ಬಂತು. ಜೀವನದಲ್ಲಿ ನಾನು ಗೆದ್ದ ಮೊದಲ ಬಹುಮಾನ. ಅಮ್ಮನನ್ನು ನಾನೇ ಕರೆತಂದೆ.

ಮೊದಲ ದರ್ಶನ ಮುಗಿದ ಮೇಲೆ ತಮ್ಮ ಸಹಾಯಕಿ ಬಿಕ್ ಅವರು, “ಅಕ್ಕಾ, ಬಿಸಿಲು ತಾಗಿಸ್ಕೋಬೇಡಿ, ಅಷ್ಟೇ” ಎಂದರು. ಅಮ್ಮ ಅಕ್ಷರಶಃ ಪಾಲಿಸಿದಳು. ಟೋಪಿಯ ಜಾಕೆಟ್ಟು, ಮಾಸ್ಕು, ಕಪ್ಪು ಕನ್ನಡಕ, ಕೈಗವಸು, ಕಾಲಿಗೆ ಸುತ್ತಿದ ಬಟ್ಟೆ, ಹೀಗೆ ಸಕಲ ಕವಚಧಾರಿಣಿಯಾಗಿ ಸ್ಕೂಟರ್ ಓಡಿಸಿದಳು. ಸೂರ್ಯನಿಗೆ ಅವಳ ಒಂದು ರೋಮವೂ ಸಿಗಲಿಲ್ಲ. ನಂತರ ತನ್ನ ತಳ್ಳುಗಾಡಿಯ ಅಂಗಡಿ ತಲುಪಿ, ಎಲ್ಲವನ್ನೂ ಕಳಚಿಟ್ಟು, ನೂಡಲ್ಸ್ ಸಾರಿನ ಕುದಿಯುವ ಹಂಡೆಯ ಮೇಲೆ ದಿನಕ್ಕೆ ಆರು ಗಂಟೆ ಮುಖ ಹಿಡಿದಳು. ಹಂಡೆ ಬಿಸಿಲಲ್ಲವಲ್ಲ! ಒಲೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆಂದು ತಾವಾಗಲಿ ಬಿಕ್ ಅವರಾಗಲಿ ಒಂದು ಮಾತು ಹೇಳಲಿಲ್ಲ.

ಮೂರು ವಾರದಲ್ಲಿ ಚಹಾ ಹೋಗಿ ಡಿಕಾಕ್ಷನ್ ಬಂತು. ತಮ್ಮ ಔದಾರ್ಯಕ್ಕೆ ಏನೆನ್ನಲಿ! ತೆಗೆಯಿರೆಂದು ಕೇಳಿದವರಿಗೆ ದುಪ್ಪಟ್ಟು ಕೊಟ್ಟು ಕಳಿಸುವವರು ಈ ಕಾಲದಲ್ಲಿ ಎಲ್ಲಿದ್ದಾರೆ? ಬಿಕ್ ಅವರಂತೂ, “ಅಯ್ಯೋ, ಇನ್ನೊಂದ್ಸಲ ಹೊಡೆದ್ರೆ ಸರಿಹೋಗುತ್ತೆ ಅಕ್ಕಾ!” ಎಂದರು. ಚರ್ಮದ ಆಸ್ಪತ್ರೆಯ ಡಾಕ್ಟರು ಮಾತ್ರ, “ಲೇಸರ್ ಸುದ್ದಿಗೇ ಹೋಗ್ಬೇಡಿ. ಕ್ರೀಮ್ ಹಚ್ಚಿ, ಕೆಲವು ತಿಂಗಳು ಕಾಯಿರಿ, ಒಲೆ ಮುಂದೆ ನಿಲ್ಬೇಡಿ” ಎಂದರು. ಆದ್ದರಿಂದ ಈಗ ಹಂಡೆಯ ಮುಂದೆ ನಾನು. ಹಾಸ್ಟೆಲಿನಲ್ಲಿ ಮೊಟ್ಟೆ ಬೇಯಿಸಲೂ ಕಲಿಸಲಿಲ್ಲ. ದಿನಾ ತಿನ್ನಲು ಬರುವ, ಬೈಕ್ ಟ್ಯಾಕ್ಸಿ ಓಡಿಸುವ ಬಾಯ್ ಎಂಬ ಮಾವ ನಿನ್ನೆ ಒಂದು ಗುಟುಕು ಕುಡಿದು, “ಏನಮ್ಮಾ, ಸಾರಿಗೆ ಲಂಡನ್ ಮಳೆ ಬಿದ್ದಿದೆಯಾ?” ಎಂದರು.

ಅದನ್ನೂ ಸಹಿಸಬಹುದು. ಸಹಿಸಲಾಗದ್ದೇನೆಂದರೆ, ಅಮ್ಮ ಮನೆಯಲ್ಲೂ ಮಾಸ್ಕ್ ತೆಗೆಯುತ್ತಿಲ್ಲ. ಕೆಳಗಿನಿಂದ ಸ್ವಲ್ಪ ಎತ್ತಿ ನೂಡಲ್ಸನ್ನು ಒಳಗೆ ಸೇದಿಕೊಳ್ಳುತ್ತಾಳೆ. ಮುಂದಿನ ಭಾನುವಾರ ಮದುವೆ. ಗಂಡಿನವರು ತರುವ ವೀಳ್ಯದ ತಟ್ಟೆಯನ್ನು, ಅಜ್ಜಿ ಹೋದ ಮೇಲೆ ಯುಯೆನ್‌ಳನ್ನು ಸಾಕಿದ ಅಕ್ಕನಾಗಿ, ಅವಳೇ ಇಸಿದುಕೊಳ್ಳಬೇಕು. “ನಾ ಬರಲ್ಲ, ನೀನೇ ಇಸ್ಕೋ” ಎನ್ನುತ್ತಾಳೆ. “ಅಕ್ಕ ಬರ್ದಿದ್ರೆ ನಾನು ಕೋಣೆಯಿಂದ ಆಚೆಗೇ ಬರಲ್ಲ” ಎಂದು ಚಿಕ್ಕಮ್ಮ ಅಳುತ್ತಾಳೆ. ಕೂಪನ್ ಗೆದ್ದವಳು ನಾನು, ನಿದ್ದೆ ಬರುತ್ತಿಲ್ಲ.

ಆದಕಾರಣ, ಭಾನುವಾರದೊಳಗೆ ಅಮ್ಮನ ಹಳೆಯ ಬಂಗನ್ನೇ ಹಿಂತಿರುಗಿಸಬೇಕಾಗಿ ಪ್ರಾರ್ಥನೆ. ಅದು ನಾನು ಚೆಲ್ಲಿದ ಚಹಾ, ಅದರ ಮೇಲೆ ನನಗೂ ಹಕ್ಕಿದೆ. ಸ್ಟಾಕ್ ಇಲ್ಲವಾದರೆ, ತಾವೇ ಮದುವೆ ಮನೆಗೆ ದಯಮಾಡಿಸಿ, ಬಾಗಿಲಲ್ಲಿ ನಿಂತು, ಬರುವ ಬೀಗರಿಗೆಲ್ಲ ಒಂದೊಂದು ಸಲ ಮಿನುಗಿ, ಎರಡೂ ಕಡೆಯವರನ್ನು ಒಂದೇ ಬಣ್ಣಕ್ಕೆ ತರುವಂಥವರಾಗಿ.

ತಮ್ಮ ಬೆಳಕಿನಿಂದ ದೂರವೇ ಉಳಿಯಬಯಸುವ,
ತಮ್ಮ ವಿಶ್ವಾಸಿ,
ಕ್ವಿನ್ ಪೆಂಡಲ್

ತಾ.ಕ.: ಈ ಪತ್ರವನ್ನು ಅಮ್ಮ ನನ್ನ ಹೆಗಲ ಹಿಂದೆ ನಿಂತು ಓದಿಬಿಟ್ಟಳು. ನಕ್ಕು ನಕ್ಕು ಮೂಗು ಸೋರಿ, ಒರೆಸಿಕೊಳ್ಳಲು ಮಾಸ್ಕ್ ತೆಗೆದವಳು ಮತ್ತೆ ಹಾಕಿಕೊಳ್ಳಲಿಲ್ಲ. “ಮಸಿ ಅನ್ನೋರು ಅಂದ್ಕೊಳ್ಲಿ. ನನ್ನ ತಂಗಿ ಮದುವೆ, ತಟ್ಟೆ ನಾನೇ ಇಸ್ಕೋತೀನಿ” ಎಂದಳು. ಆದ್ದರಿಂದ ಮೇಲಿನ ಬೇಡಿಕೆಗಳನ್ನು ಹಿಂಪಡೆದಿದ್ದೇನೆ. ಕೂಪನ್‌ನಲ್ಲಿ ಇನ್ನೂ ಎರಡು ಬಾರಿ ಉಳಿದಿದೆ. ಅದನ್ನು ಚಿಕ್ಕಮ್ಮನ ಅತ್ತೆಯವರಿಗೆ ಮದುವೆ ಉಡುಗೊರೆಯಾಗಿ ಕೊಡಬಹುದೇ? ದಯವಿಟ್ಟು ಬೇಗ ಉತ್ತರಿಸಿ.