ಆರಿಸಬಾರದ ಎಂಜಿನ್

ಸಾಮ್ರಾಜ್ಯಗಳು ಉರುಳಿದ್ದನ್ನು ಬರೆದಿಡುವವರು ಬೇಕಾದಷ್ಟಿದ್ದಾರೆ. ಒಬ್ಬ ಗುಮಾಸ್ತರ ಕಾರಿನಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪ ಹೊತ್ತಿಕೊಂಡು ಆರದೇ ಉಳಿದದ್ದನ್ನು ಯಾರೂ ಬರೆದಿಲ್ಲ. ಚರಿತ್ರೆಗಾದ ಆ ಲೋಪವನ್ನು ಇಲ್ಲಿ ತುಂಬಲಾಗಿದೆ.

ದೀಪದ ಮೇಲೆ ಬ್ಯಾಟರಿಯ ಚಿತ್ರವಿತ್ತು. "ಬ್ಯಾಟರಿ ಚಿತ್ರ ಬಂದ್ರೆ ಬ್ಯಾಟರಿ ಹೋಯ್ತು ಅಂತ. ಇದಕ್ಕೂ ಓದ್ಬೇಕಾ?" ಎಂದು ಮೇಲಿನ ಮನೆಯ ಯಜಮಾನರು ಹಟ ಹಿಡಿದು ಹೊಸದನ್ನೇ ಹಾಕಿಸಿದ್ದರು. ಈಗ ಹೊಸದೂ ಉಪವಾಸ ಬಿದ್ದಂತೆ ನರಳುತ್ತಿತ್ತು. ಗುಮಾಸ್ತರ ಬಡ್ತಿ ಸಂದರ್ಶನದ ಬೆಳಿಗ್ಗೆ ಬೀದಿಗೆ ಬೀದಿಯೇ ಬುದ್ಧಿವಾದ ಹೇಳುತ್ತ ತಳ್ಳಿದ ಮೇಲೆ ಎಂಜಿನ್ ಕೆಮ್ಮಿ ಎದ್ದಿತು.

ಮೆಕ್ಯಾನಿಕ್ ಫೋನಿನಲ್ಲೇ ಗದರಿದ: "ಬ್ಯಾಟರಿ ಬರೀ ಕೊಡ ಸಾರ್, ಅದನ್ನ ತುಂಬೋ ನಲ್ಲಿ ಆಲ್ಟರ್ನೇಟರ್ರು. ಎಂಜಿನ್ ತಿರುಗಿದ್ರೆ ಬೆಲ್ಟು ಅದನ್ನ ತಿರುಗಿಸ್ಬೇಕು, ಅದು ಕರೆಂಟು ಹುಟ್ಟಿಸ್ಬೇಕು. ನಿಮ್ದು ಸತ್ತಿದೆ. ಕೊಡ ಬದ್ಲಾಯಿಸಿದ್ರೆ ನಲ್ಲೀಲಿ ನೀರು ಬರುತ್ತಾ? ಸಂಜೆ ತನ್ನಿ. ಹಳೇ ಡೀಸೆಲ್ ಗಾಡಿ, ಓಡೋಕೆ ಚೂರು ಕರೆಂಟು ಸಾಕು, ಏಳೋಕೆ ಜಾಸ್ತಿ ಬೇಕು. ಅಲ್ಲೀವರೆಗೆ ಎಂಜಿನ್ ಮಾತ್ರ ಆರಿಸ್ಬೇಡಿ, ಆರಿಸಿದ್ರೆ ಮತ್ತೆ ಏಳಲ್ಲ."

ಇದ್ದಬದ್ದ ಕರೆಂಟು ಉಳಿಸಲು ಗುಮಾಸ್ತರು ಫ್ಯಾನು ಹಾಕಲಿಲ್ಲ, ಹಾರನ್ನೂ ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಸರೀರಿ ಸ್ವಾಮಿ, ಹಾರನ್ ಇಲ್ಲ!" ಎಂದು ಕೂಗುತ್ತ ಹೋದರು.

"ಬಾಯಿ ಇದ್ಯಲ್ಲ, ಸಾಕು!" ಎಂದು ದಾರಿಹೋಕನೊಬ್ಬ ಹರಸಿದ.

ಕಚೇರಿಯ ವಾಹನ ವಿಭಾಗದ ಮೇಲ್ವಿಚಾರಕರಾಗಲು ಅವರು ತಲೆ ನರೆಯುವಷ್ಟು ಕಾಲ ಕಾದಿದ್ದರು. ಓಡುತ್ತಿದ್ದ ಕಾರನ್ನು ಅಂಗಳದಲ್ಲೇ ಬಿಟ್ಟು ಕಾವಲುಗಾರನಿಗೆ ಹೇಳಿದರು: "ಯಾರು ಹೇಳಿದ್ರೂ ಆರಿಸ್ಬಾರ್ದು ಕಣಯ್ಯ."

"ನನ್ನ ಹೆಣ ಬಿದ್ರೂ ಬಿಡಲ್ಲ ಸಾರ್."

ಒಳಗೆ ಕೇಳಿದ್ದು ಏನು? ಬ್ಯಾಟರಿ ಹೇಗೆ ಚಾರ್ಜ್ ಆಗುತ್ತದೆ ಎಂದು! ಗುಮಾಸ್ತರು ಕೊಡ, ನಲ್ಲಿ, ಬೆಲ್ಟು ಎಲ್ಲವನ್ನೂ ಸ್ವಂತ ಸೊತ್ತಿನಂತೆ ಹರಡಿದರು. ಸಂದರ್ಶನ ಮಂಡಳಿಯ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ತಲೆದೂಗಿದರು.

"ಭೇಷ್. ಕೊನೇ ಪ್ರಶ್ನೆ. ಯಾವನೋ ಮಹಾನುಭಾವ ಅಂಗಳದಲ್ಲಿ ಕಾರು ಓಡ್ತಾ ಬಿಟ್ಟು ಹೋಗಿದ್ದಾನೆ. ಹೊಗೆಯೆಲ್ಲ ಇಲ್ಲಿಗೇ. ಮೇಲ್ವಿಚಾರಕರಾಗಿ ಅವನಿಗೆ ಏನು ಮಾಡ್ತೀರಿ?"

ಸತ್ಯ ಗಂಟಲವರೆಗೆ ಬಂದಿತ್ತು. ಹುದ್ದೆ ಅದಕ್ಕಿಂತ ಹತ್ತಿರವಿತ್ತು.

"ಮೆಮೋ ಕೊಡ್ತೀನಿ ಸಾರ್. ಇಂಥ ಬೇಜವಾಬ್ದಾರಿ ಮನುಷ್ಯನಿಗೆ ಸೈಕಲ್ ಪಂಪನ್ನೂ ಒಪ್ಪಿಸಬಾರ್ದು ಅಂತ ಬರೀತೀನಿ."

ಅಧ್ಯಕ್ಷರು ಮೆಚ್ಚಿ ಕೈ ಚಾಚುವಷ್ಟರಲ್ಲಿ ಕಾವಲುಗಾರ ಬಾಗಿಲು ನೂಕಿಕೊಂಡು ಬಂದ.

"ಗಾಬರಿ ಬೇಡಿ ಸಾರ್, ನಿಮ್ಮ ಕಾರು ಇನ್ನೂ ಓಡ್ತಾನೇ ಇದೆ! ಅಧ್ಯಕ್ಷರ ಡ್ರೈವರು ಆರಿಸೋಕೆ ಬಂದಿದ್ದ. ಕಪಾಳಕ್ಕೆ ಒಂದು ಬಿಟ್ಟೆ!"

ಹುದ್ದೆ, ಬಸ್ಸಿನಲ್ಲಿ ಬರುವ ಸಹೋದ್ಯೋಗಿಗೆ ಸಿಕ್ಕಿತು. ಮೆಮೋ ಗುಮಾಸ್ತರಿಗೆ ಸಿಕ್ಕಿತು.